ಬಾಣಂತನಕ್ಕೆ ಹೋಗಿ ಕೇಳಿ ಬಂದ ಕತೆ

1998ರ ಆಗಸ್ಟ್ ತಿಂಗಳಲ್ಲಿ ಮಗಳ ಬಾಣಂತನಕ್ಕೆಂದು ನಾನು ಮಲೇಷ್ಯಾದ ಜೊಹೊರ್ ಬಾರುವಿಗೆ ಹೊರಟಾಗ ನನ್ನ ಪೆಟ್ಟಿಗೆಯಲ್ಲಿ ಇದ್ದದ್ದು ಇಷ್ಟು: ಒಣಶುಂಠಿ ಲೇಹ್ಯದ ಎರಡು ಡಬ್ಬಿ, ಬಜೆ, ಹಿಪ್ಪಲಿ, ಕಾಳುಮೆಣಸು, ತೊಳೆದು ತೊಳೆದು ಮೆತ್ತಗಾದ ನನ್ನ ನಾಲ್ಕು ಹಳೇ ವಾಯಿಲ್ ಸೀರೆ ಮತ್ತು ಅಮ್ಮನ ಕಾಲದ ಬೆಳ್ಳಿಯ ಒಳಲೆ. ರಾಜಕೀಯದ ಒಂದು ಚೂರೂ ಅದರಲ್ಲಿ ಇರಲಿಲ್ಲ. ವಾಪಸು ಬರುವಾಗ ಮಾತ್ರ ತಲೆಯ ತುಂಬ ಅದೇ ತುಂಬಿಕೊಂಡು ಬಂದೆ. ವಿಮಾನದವರು ಅದನ್ನು ತೂಗಲಿಲ್ಲ, ಪುಣ್ಯ.

ಮಗಳ ಮನೆ ಸಾಲುಮನೆಗಳ ಒಂದು ಬೀದಿಯಲ್ಲಿತ್ತು. ಮೊಮ್ಮಗ ಹುಟ್ಟಿ ಆಸ್ಪತ್ರೆಯಿಂದ ಮನೆಗೆ ಬಂದ ಎರಡನೆಯ ದಿನ ಪಕ್ಕದ ಮನೆಯ ಅಜ್ಜಿಯೊಬ್ಬರು ಬಟ್ಟೆಯಲ್ಲಿ ಸುತ್ತಿದ ಗುಂಡುಕಲ್ಲೊಂದನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತರು. ನನಗೆ ಗಾಬರಿ. ಕಲ್ಲು ಯಾಕಪ್ಪಾ? ಮಗಳು ನಕ್ಕಳು. ಅಲ್ಲಿನ ಬಾಣಂತಿಯರಿಗೆ ನಲವತ್ನಾಲ್ಕು ದಿನದ ಪಥ್ಯ. ಕಲ್ಲನ್ನು ಕಾಯಿಸಿ, ಎಲೆಯಿಟ್ಟು ಬಟ್ಟೆ ಸುತ್ತಿ ಹೊಟ್ಟೆಗೆ ಶಾಖ ಕೊಡುತ್ತಾರೆ. ಆಮೇಲೆ ಉದ್ದನೆಯ ಬಟ್ಟೆಯಿಂದ ಸೊಂಟ ಬಿಗಿಯುತ್ತಾರೆ. ನಾನು ನನ್ನ ಹಳೇ ಸೀರೆ ತೋರಿಸಿದೆ. ಅಜ್ಜಿ ಅದನ್ನು ಬೆರಳಿನಲ್ಲಿ ಮುಟ್ಟಿ ನೋಡಿ ಒಪ್ಪಿಗೆಯಿಂದ ತಲೆಯಾಡಿಸಿದರು. ಅಷ್ಟೇ, ನಾವಿಬ್ಬರೂ ಒಂದೇ ಪಕ್ಷವಾದೆವು. ಎದುರು ಪಕ್ಷದಲ್ಲಿ ಫ್ಯಾನ್ ಹಾಕಿಕೊಳ್ಳಬೇಕೆಂದು ಹಟ ಮಾಡುತ್ತಿದ್ದ ನನ್ನ ಮಗಳು ಒಬ್ಬಳೇ.

ಅಜ್ಜಿಯನ್ನು ಎಲ್ಲರೂ ಮಕ್ ಚಿಕ್ ಎನ್ನುತ್ತಿದ್ದರು. ಮಕ್ ಎಂದರೆ ಅಮ್ಮ. ಚಿಕ್ಕಮ್ಮನನ್ನೂ ನೆರೆಕರೆಯ ಹಿರಿಯ ಹೆಂಗಸರನ್ನೂ ಹಾಗೆ ಕರೆಯುವುದು ಅಲ್ಲಿಯ ರೂಢಿ. ಅವರಿಗೆ ಆಗ ಅರವತ್ತೇಳು. ನನಗೆ ಮಲಾಯ್ ಬಾರದು, ಅವರಿಗೆ ಪೇಟೆಯ ಇಂಗ್ಲಿಷ್ ಮಾತ್ರ. ನಡುವೆ ದುಭಾಷಿಯಾಗಿ ಅವರ ಮೊಮ್ಮಗಳು, ಕಾಲೇಜು ಹುಡುಗಿ. ಆದರೂ ಅವರ ಮಾತಿನಲ್ಲಿ ಆಗಾಗ ನನ್ನ ಮನೆಯ ಶಬ್ದಗಳು ತಲೆ ಹಾಕುತ್ತಿದ್ದವು. ಹೆಂಡತಿಗೆ ಇಸ್ತೆರಿ, ಭಾಷೆಗೆ ಬಹಾಸ, ಹೆಂಗಸಿಗೆ ವನಿತ. ಗಂಡನಿಗೆ ಸುಆಮಿ! ನಮ್ಮ 'ಸ್ವಾಮಿ' ಸಮುದ್ರ ದಾಟಿಯೂ ಬಿಗುಮಾನ ಬಿಟ್ಟಿಲ್ಲವಲ್ಲ ಎಂದು ನನಗೆ ನಗು.

ಸೆಪ್ಟೆಂಬರ್ 2ರಂದು ಟಿ.ವಿ.ಯಲ್ಲಿ ದೊಡ್ಡ ಸುದ್ದಿ. ಪ್ರಧಾನಿ ಮಹಾತಿರ್ ಮೊಹಮದ್ ತಮ್ಮ ಉಪಪ್ರಧಾನಿ ಅನ್ವರ್ ಇಬ್ರಾಹಿಂ ಅವರನ್ನು ವಜಾ ಮಾಡಿದ್ದರು. ಒಂದೆರಡು ದಿನದಲ್ಲಿ ಪಕ್ಷದಿಂದಲೂ ಹೊರಹಾಕಿದರು. ರಿಂಗಿಟ್ ಬಿದ್ದು ಹೋಗಿ ಅಳಿಯಂದಿರು ಕೆಲಸದ ಚಿಂತೆಯಲ್ಲಿದ್ದ ದಿನಗಳವು. ಮೊಮ್ಮಗಳು ಎದ್ದು ಟಿ.ವಿ. ಆರಿಸಿದಳು. ಮಕ್ ಚಿಕ್ ಏನೋ ಗೊಣಗಿದರು. ಹುಡುಗಿ ಅನುವಾದಿಸಲಿಲ್ಲ. ನಾನು ಬಿಡಲಿಲ್ಲ, ಕೇಳಿದೆ.

"'ನಾವು ಕಟ್ಟಿದ ಪಕ್ಷ' ಅಂತಿದ್ದಾರೆ ಆಂಟಿ," ಎಂದಳು ಮುಖ ಗಂಟಿಕ್ಕಿ.

"ನಾವು ಅಂದರೆ ಯಾರು?"

ಮಕ್ ಚಿಕ್ ಕಲ್ಲನ್ನು ಪಕ್ಕಕ್ಕಿಟ್ಟರು. "ನಾನು, ನನ್ನಮ್ಮ, ನಮ್ಮ ಕಂಪೊಂಗಿನ ಹೆಂಗಸರು." ಕಂಪೊಂಗ್ ಎಂದರೆ ಹಳ್ಳಿ, ಕೇರಿ.

ಮುದುಕಿ ಸ್ವಲ್ಪ ಏರಿಸಿ ಹೇಳುತ್ತಿದ್ದಾರೆ ಎಂದುಕೊಂಡೆ. ಊರಿಗೆ ಬಂದು ಪುಸ್ತಕ ಹುಡುಕಿ ಓದಿದ ಮೇಲೆ, ಅವರು ಹೇಳಿದ್ದರಲ್ಲಿ ಉತ್ಪ್ರೇಕ್ಷೆಯೇನೂ ಇರಲಿಲ್ಲ ಎಂದು ಗೊತ್ತಾಯಿತು.

ಜಪಾನೀಯರು ಸೋತು ಬ್ರಿಟಿಷರು ಮಲಯಾಕ್ಕೆ ಮರಳಿದ್ದು 1945ರಲ್ಲಿ. ಬಂದವರು ಸುಮ್ಮನೆ ಬರಲಿಲ್ಲ. ಅಕ್ಟೋಬರಿನಲ್ಲಿ ಹೆರಾಲ್ಡ್ ಮ್ಯಾಕ್‌ಮೈಕಲ್ ಎಂಬ ಅಧಿಕಾರಿ ಬಂದಿಳಿದು, ಒಬ್ಬೊಬ್ಬ ಸುಲ್ತಾನನ ಅರಮನೆಗೂ ಹೋಗಿ, ವರ್ಷ ಮುಗಿಯುವುದರೊಳಗೆ ಒಂಬತ್ತೂ ಜನರ ರುಜು ಹಾಕಿಸಿಕೊಂಡ. ಒಂಬತ್ತು ಸಂಸ್ಥಾನಗಳನ್ನೂ ಪೆನಾಂಗ್, ಮಲಾಕ್ಕಾಗಳನ್ನೂ ಸೇರಿಸಿ 'ಮಲಯನ್ ಯೂನಿಯನ್' ಎಂಬ ಒಂದೇ ಆಡಳಿತ ಮಾಡುವುದು, ಸಾರ್ವಭೌಮತ್ವ ಬ್ರಿಟಿಷ್ ದೊರೆಗೆ, ಸುಲ್ತಾನರಿಗೆ ಉಳಿಯುವುದು ಧರ್ಮ, ಸಂಪ್ರದಾಯದ ಉಸ್ತುವಾರಿ. ಜೊತೆಗೆ, ಅಲ್ಲಿ ಬಂದು ನೆಲೆಸಿದ್ದ ಚೀನೀಯರಿಗೂ ಭಾರತೀಯರಿಗೂ ಸುಲಭವಾಗಿ ಪೌರತ್ವ. ತಮ್ಮ ನೆಲದಲ್ಲಿ ತಾವೇ ಮೂಲೆಗೆ ಸರಿಯುತ್ತೇವೆ ಎಂದು ಮಲಾಯ್ ಜನ ಹೆದರಿದರು.

ಇಲ್ಲಿ ನನಗೆ ಕೊಂಚ ಮುಜುಗರವಾಯಿತು, ಹೇಳಿಬಿಡುತ್ತೇನೆ. ಪೌರತ್ವದ ಬಾಗಿಲು ತೆರೆಯಬೇಕಿದ್ದದ್ದು ಯಾರಿಗೆ? ರಬ್ಬರ್ ತೋಟಗಳಲ್ಲಿ ಬೆವರು ಸುರಿಸಿದ ನಮ್ಮವರಿಗೂ ತಾನೆ? ಆ ಬಾಗಿಲು ಮುಚ್ಚಬೇಕೆಂದು ಬೀದಿಗಿಳಿದವರ ಕತೆಯನ್ನು, ಅದೇ ಊರಿನಲ್ಲಿ ಬಾಡಿಗೆಗಿದ್ದ ನನ್ನ ಮಗಳ ಮನೆಯಲ್ಲಿ ಕೂತು, ಅವರೇ ತಂದ ಶುಂಠಿ ಕಷಾಯ ಕುಡಿಯುತ್ತ ಕೇಳುತ್ತಿದ್ದೇನೆ. ನನ್ನ ಮುಖ ನೋಡಿ ಅರ್ಥವಾಯಿತೋ ಏನೋ, ಮಕ್ ಚಿಕ್ ನನ್ನ ಮೊಣಕಾಲು ತಟ್ಟಿ, "ಹೊಟ್ಟೆಗಿಲ್ಲದ ಕಾಲ. ಹೆದರಿಕೆ ಬಹಳ ಇತ್ತು," ಎಂದಷ್ಟೇ ಹೇಳಿದರು.

ಆ ಹೆದರಿಕೆಗೆ ಒಂದು ಬಾಯಿ ಕೊಟ್ಟವರು ದಾತೋ ಓನ್ ಜಾಫರ್. ಹುಟ್ಟಿದ್ದು 1895ರಲ್ಲಿ, ಇದೇ ಜೊಹೊರ್ ಬಾರುವಿನಲ್ಲಿ. ತಂದೆ ಈ ಸಂಸ್ಥಾನದ ಮೊದಲ ಮುಖ್ಯಮಂತ್ರಿ, ತಾಯಿ ಉಸ್ಮಾನಿ ತುರ್ಕಿಯಿಂದ ಬಂದವಳು. ಸುಲ್ತಾನರ ಆಡಳಿತವನ್ನು ಟೀಕಿಸಿದ್ದಕ್ಕೆ 1927ರಲ್ಲಿ ಸಂಸ್ಥಾನ ಬಿಟ್ಟು ಹೋಗಬೇಕಾಯಿತು. ಸಿಂಗಪುರದಲ್ಲಿ ಪತ್ರಿಕೆ ನಡೆಸಿದರು. ಅಂಥವರೇ ಕೊನೆಗೆ ಸುಲ್ತಾನರ ಮಾನ ಕಾಪಾಡಲು ಮುಂದೆ ನಿಂತದ್ದು ವಿಚಿತ್ರ. 1946ರ ಮಾರ್ಚ್ ಮೊದಲ ವಾರ ಕ್ವಾಲಾಲಂಪುರದ ಸುಲ್ತಾನ್ ಸುಲೈಮಾನ್ ಕ್ಲಬ್ಬಿನಲ್ಲಿ ನಲವತ್ತೊಂದು ಮಲಾಯ್ ಸಂಘಗಳು ಸೇರಿದವು, ಅಧ್ಯಕ್ಷತೆ ಓನ್ ಅವರದು. ಏಪ್ರಿಲ್ 1ರಂದು ಹೊಸ ಗವರ್ನರ್ ಪ್ರಮಾಣ ವಚನ ತೆಗೆದುಕೊಂಡಾಗ ಒಬ್ಬ ಸುಲ್ತಾನನೂ ಹೋಗಲಿಲ್ಲ. ಓನ್ ತಡೆದಿದ್ದರು. ಗಂಡಸರು ಕರಿಟೋಪಿಯ ಮೇಲೆ ಬಿಳಿ ಪಟ್ಟಿ ಸುತ್ತಿಕೊಂಡು ಏಳು ದಿನ ಸೂತಕ ಹಿಡಿದರು. ಮೇ 11ರಂದು ಜೊಹೊರ್ ಬಾರುವಿನ ದೊಡ್ಡ ಅರಮನೆಯಲ್ಲಿ ಪಕ್ಷ ವಿಧಿವತ್ತಾಗಿ ಹುಟ್ಟಿತು. ಮಲಾಯ್‌ನಲ್ಲಿ ಅದರ ಹೆಸರು ಉದ್ದ: ಪೆರ್ತುಬುಹಾನ್ ಕೆಬಂಗ್ಸಾನ್ ಮೆಲಾಯು ಬೆರ್ಸತು. ಆ 'ಬಂಗ್ಸ' ನಮ್ಮ 'ವಂಶ'ವೇ. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಜಗತ್ತು ಕರೆದದ್ದು ಉಮ್ನೋ.

"ಮತ್ತೆ ಹೆಂಗಸರು?" ಎಂದೆ.

ಆಗ ಹದಿನೈದು ವರ್ಷದ ಹುಡುಗಿಯಾಗಿದ್ದ ಮಕ್ ಚಿಕ್ ಅಮ್ಮನ ಜೊತೆ ಮೆರವಣಿಗೆಯಲ್ಲಿ ನಡೆದರಂತೆ. ಅಮ್ಮ ಅಲ್ಲಿಯತನಕ ಸಂತೆಮಾಳದಿಂದ ಆಚೆಗೆ ಹೋದವಳೇ ಅಲ್ಲ. ಡಾಂಬರು ರಸ್ತೆಯಲ್ಲಿ ಕಾಲು ಸುಟ್ಟು ಬೊಬ್ಬೆ ಬಂದಿತ್ತಂತೆ. ಅಮ್ಮ ಹಿಡಿದ ಹಲಗೆಯಲ್ಲಿ ಏನು ಬರೆದಿತ್ತು ಎಂದು ಕೇಳಿದೆ. "ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ತಲೆಕೆಳಗಾಗಿ ಹಿಡಿದಿದ್ದಳು, ನಾನು ಸರಿಮಾಡಿದೆ," ಎಂದು ನಕ್ಕರು. ಆ ಬೇಸಿಗೆಯಲ್ಲಿ ಪರಿಸ್ಥಿತಿ ನೋಡಲು ಬಂದ ಇಬ್ಬರು ಬ್ರಿಟಿಷ್ ಪಾರ್ಲಿಮೆಂಟ್ ಸದಸ್ಯರು, ಗ್ಯಾಮನ್ಸ್ ಮತ್ತು ರೀಸ್-ವಿಲಿಯಮ್ಸ್, ಎಲ್ಲಕ್ಕಿಂತ ಬೆರಗಾದದ್ದು ಈ ಹೆಂಗಸರನ್ನು ಕಂಡೇ. ಮನೆಯೊಳಗೆ ಇರುತ್ತಾರೆ ಎಂದುಕೊಂಡಿದ್ದವರು ಬೀದಿಯ ತುಂಬ ನಿಂತಿದ್ದರು. ಎರಡೇ ವರ್ಷದಲ್ಲಿ ಮಲಯನ್ ಯೂನಿಯನ್ ಸತ್ತಿತು. 1948ರ ಫೆಬ್ರವರಿ 1ಕ್ಕೆ ಅದರ ಜಾಗದಲ್ಲಿ ಮಲಯಾ ಒಕ್ಕೂಟ ಬಂತು.

ಗೆದ್ದ ಮೇಲೆ ಪಕ್ಷ ಹೆಂಗಸರಿಗೊಂದು ವಿಭಾಗ ಮಾಡಿತು, 1949ರಲ್ಲಿ. ಹೆಸರು 'ಕೌಮ್ ಇಬು', ತಾಯಂದಿರ ಬಳಗ. ಹೆಸರಿನಲ್ಲೇ ಎಲ್ಲ ಇದೆ ನೋಡಿ. ಮದುವೆಯಾಗದ ಹುಡುಗಿಯೂ ರಾಜಕೀಯಕ್ಕೆ ಬಂದರೆ ತಾಯಿಯೇ! ಸಭೆಗೆ ಅಡಿಗೆ, ಅತಿಥಿಗಳಿಗೆ ಹಾಸಿಗೆ, ಮನೆಮನೆಗೆ ಹೋಗಿ ಸದಸ್ಯತ್ವ, ದೊಡ್ಡವರಿಗೆ ಅಕ್ಷರಾಭ್ಯಾಸದ ತರಗತಿ. ಮಕ್ ಚಿಕ್ ಅವರ ಅಮ್ಮ ಅಂಥ ತರಗತಿಯಲ್ಲೇ ತನ್ನ ಹೆಸರು ಬರೆಯಲು ಕಲಿತಳಂತೆ. 1954ರಲ್ಲಿ ಚುನಾವಣೆಯ ಬೇಡಿಕೆ ಹೊತ್ತು ನಾಯಕರು ಲಂಡನ್ನಿಗೆ ಹೊರಟಾಗ ಪಕ್ಷದಲ್ಲಿ ದುಡ್ಡಿರಲಿಲ್ಲ. ಅಮ್ಮ ಕೈಯಿಂದ ಒಂದು ಚಿನ್ನದ ಬಳೆ ತೆಗೆದುಕೊಟ್ಟಳು. "ಇನ್ನೊಂದು?" ಎಂದೆ. "ಇನ್ನೊಂದು ನನ್ನ ಮದುವೆಗೆ." ನನಗೆ ನಮ್ಮ ಕೊಡಗಿನ ಗೌರಮ್ಮ ನೆನಪಾದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕೂತು, ಬಂದವರ ಕೈಗೆ ಮೈಮೇಲಿನ ಒಡವೆ ಬಿಚ್ಚಿಕೊಟ್ಟ ಕತೆಗಾರ್ತಿ. ಚಳವಳಿ ಯಾವ ದೇಶದ್ದಾದರೂ ಮೊದಲು ಬೋಳಾಗುವುದು ಹೆಂಗಸರ ಕೈ.

ಅಷ್ಟರಲ್ಲಿ ಓನ್ ಅವರೇ ಪಕ್ಷದಲ್ಲಿ ಇರಲಿಲ್ಲ. ಮಲಾಯ್ ಜನ ಮಾತ್ರ ಸೇರಿ ಸ್ವಾತಂತ್ರ್ಯ ತರಲಾಗದು, ಚೀನೀಯರನ್ನೂ ಭಾರತೀಯರನ್ನೂ ಪಕ್ಷಕ್ಕೆ ಸೇರಿಸಿಕೊಳ್ಳೋಣ ಎಂದು ಹೇಳಿ ನೋಡಿದರು. ಪಕ್ಷ ಒಪ್ಪಲಿಲ್ಲ. 1951ರ ಆಗಸ್ಟಿನಲ್ಲಿ ತಾವೇ ಕಟ್ಟಿದ ಮನೆಯಿಂದ ಇಳಿದು ಹೋದರು. ಟುಂಕು ಅಬ್ದುಲ್ ರಹಮಾನ್ ಅಧ್ಯಕ್ಷರಾದರು. ಟುಂಕು ಬೇರೆ ಹಾದಿ ಹಿಡಿದರು. ಪಕ್ಷ ಮಲಾಯ್ ಜನರದ್ದೇ ಇರಲಿ, ಚೀನೀಯರ ಮತ್ತು ಭಾರತೀಯರ ಪಕ್ಷಗಳ ಜೊತೆ ಮೈತ್ರಿ ಇರಲಿ. ಒಂದೇ ಮನೆಯಲ್ಲ, ಮೂರು ಒಲೆಯ ವಠಾರ. ಅದೇ ಫಲಿಸಿತು. 1955ರ ಜುಲೈ ಚುನಾವಣೆಯಲ್ಲಿ ಐವತ್ತೆರಡರಲ್ಲಿ ಐವತ್ತೊಂದು ಸ್ಥಾನ ಮೈತ್ರಿಕೂಟಕ್ಕೆ. ಓನ್ ನಿಂತದ್ದು ಬೇರೆ ಪಕ್ಷದಿಂದ, ಇದೇ ಜೊಹೊರ್ ಬಾರುವಿನಲ್ಲಿ. ಸೋತರು.

"ನೀವು ಯಾರಿಗೆ ಹಾಕಿದಿರಿ?"

"ಪಕ್ಷಕ್ಕೆ," ಎಂದರು ಮಕ್ ಚಿಕ್. ಸ್ವಲ್ಪ ಹೊತ್ತು ಬಿಟ್ಟು, "ಅವರ ಮುಖ ನೋಡಲಾಗಲಿಲ್ಲ," ಎಂದರು.

ಈ ಐವತ್ತೆರಡರಲ್ಲಿ ಹೆಂಗಸರೆಷ್ಟು ಗೊತ್ತೆ? ಒಬ್ಬರು. ಹಲೀಮಾತೋನ್ ಅಬ್ದುಲ್ ಮಜೀದ್. ಓಟು ಹಾಕಿಸಲು ಮನೆಮನೆ ಸುತ್ತಿದ ಸಾವಿರಾರು ಕಾಲುಗಳ ಲೆಕ್ಕ ಇಷ್ಟೇ. ಇದು ಸರಿಯಲ್ಲ ಎಂದು ಬಾಯಿಬಿಟ್ಟು ಹೇಳಿದವರು ಆಗ ಕೌಮ್ ಇಬುವಿನ ಮುಖ್ಯಸ್ಥೆಯಾಗಿದ್ದ ಖತೀಜಾ ಸಿದೆಕ್. ಅವರ ಹೆಸರು ಬಂದಾಗ ಮಕ್ ಚಿಕ್ ದನಿ ಬದಲಾಯಿತು.

ಖತೀಜಾ ಹುಟ್ಟಿದ್ದು ಸುಮಾತ್ರಾ ದ್ವೀಪದಲ್ಲಿ, 1918ರಲ್ಲಿ. ಡಚ್ಚರ ವಿರುದ್ಧ ಹೋರಾಡಲು ಹುಡುಗಿಯರ ಶಿಬಿರ ಕಟ್ಟಿದ ಗಟ್ಟಿಗಿತ್ತಿ. ಸಿಂಗಪುರಕ್ಕೆ ಬಂದ ಮೇಲೆ 1948ರಲ್ಲಿ ಬ್ರಿಟಿಷರು ಜೈಲಿಗೆ ಹಾಕಿದರು. ಜೈಲಿನಲ್ಲೇ ಹೆರಿಗೆಯಾಯಿತು. (ನನ್ನ ಮಗಳ ಮಂಚದ ಪಕ್ಕ ಕೂತು ಇದನ್ನು ಕೇಳುವಾಗ, ಅವಳಿಗೆ ಕಲ್ಲು ಕಾಯಿಸಿ ಕೊಟ್ಟವರು ಯಾರು ಎಂದು ಯೋಚಿಸಿದೆ.) ಆಮೇಲೆ ಉಮ್ನೋ ಸೇರಿ 1954ರಲ್ಲಿ ತಾಯಂದಿರ ಬಳಗದ ಮುಖ್ಯಸ್ಥೆಯಾದರು. ಹೆಂಗಸರಿಗೆ ಹೆಚ್ಚು ಸ್ಥಾನ ಬೇಕು, ಪಕ್ಷದ ಮಹಾಸಭೆಯಲ್ಲಿ ಹೆಚ್ಚು ಪ್ರತಿನಿಧಿಗಳು ಬೇಕು, ಹುಡುಗಿಯರಿಗೆ ಬೇರೆಯೇ ಒಂದು ವಿಭಾಗ ಬೇಕು ಎಂದು ಕೇಳುತ್ತಲೇ ಹೋದರು. 1956ರಲ್ಲಿ ಪಕ್ಷ ಅವರನ್ನು ಶಿಸ್ತಿನ ಹೆಸರಿನಲ್ಲಿ ಹೊರಹಾಕಿತು. ಮರುವರ್ಷ ಆಗಸ್ಟ್ 31ಕ್ಕೆ ಸ್ವಾತಂತ್ರ್ಯ ಬಂತು. 1959ರಲ್ಲಿ ಅವರು ಬೇರೆ ಪಕ್ಷದಿಂದ ಗೆದ್ದು ಪಾರ್ಲಿಮೆಂಟಿಗೆ ಹೋದರು, ಅದು ಮುಂದಿನ ಮಾತು.

ಮಾರನೆಯ ದಿನ ಮಕ್ ಚಿಕ್ ತಮ್ಮ ಮನೆಯಿಂದ ಟವೆಲಿನಲ್ಲಿ ಸುತ್ತಿದ ಒಂದು ಫೋಟೋ ತಂದರು. ಮೂರು ಸಾಲು ಹೆಂಗಸರು, ಮೊದಲ ಸಾಲಿನ ನಡುವೆ ಖತೀಜಾ. ಮೂರನೆಯ ಸಾಲಿನಲ್ಲಿ ತುದಿಗೆ ನಿಂತ ತೆಳ್ಳನೆಯ ಹುಡುಗಿಯನ್ನು ತೋರಿಸಿ ತಮ್ಮ ಎದೆ ಮುಟ್ಟಿಕೊಂಡರು. ಆ ಫೋಟೋ ಅವರ ಮನೆಯ ನಡುಗೋಡೆಯ ಮೇಲಿತ್ತಂತೆ. ಪಕ್ಷದಿಂದ ಹೊರಹಾಕಿದ ಸುದ್ದಿ ಬಂದ ದಿನ, ಯಾರೂ ಹೇಳದಿದ್ದರೂ, ತಾವೇ ಸ್ಟೂಲು ಹಾಕಿಕೊಂಡು ಅದನ್ನು ಇಳಿಸಿದರು. ಬಟ್ಟೆಯ ಪೆಟ್ಟಿಗೆಯ ತಳಕ್ಕೆ ಹಾಕಿದರು. ಶಾಖೆಯ ಸಭೆಯಲ್ಲಿ ಆ ಹೆಸರು ಬಂದಾಗ ಎಲ್ಲರೂ ನೆಲ ನೋಡಿದರು, ತಾವೂ ನೋಡಿದರು. "ನಾನು ಹತ್ತು ಮಾತು ಆಡಬೇಕಿರಲಿಲ್ಲ. ಒಂದು ಆಡಿದ್ದರೆ ಸಾಕಿತ್ತು," ಎಂದರು. ಮೊಮ್ಮಗಳು ಆ ಫೋಟೋವನ್ನು ಅಲ್ಲಿಯತನಕ ನೋಡಿರಲಿಲ್ಲ. ಅನುವಾದಿಸುವುದನ್ನೂ ಮರೆತು ಅದನ್ನೇ ನೋಡುತ್ತ ಕೂತಳು.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮಗು ಅಳುತ್ತಿತ್ತು ಎಂದು ಬೆಳಗ್ಗೆ ನೆಪ ಹೇಳಿದೆ.

1987ರಲ್ಲಿ ನಮ್ಮಲ್ಲಿ ಮಂಡಲ ಪಂಚಾಯ್ತಿ ಚುನಾವಣೆಗಳಾದಾಗ ಹೆಂಗಸರಿಗೆ ಶೇಕಡ 25 ಸ್ಥಾನ ಮೀಸಲಿಟ್ಟಿದ್ದು ನಿಮಗೆ ನೆನಪಿರಬಹುದು. ನಾನೂ ಒಬ್ಬ ಸದಸ್ಯೆಯಾದೆ. ಆಗುವುದೇನು, ಭಾವನವರು ನಾಮಪತ್ರ ತಂದರು, ನಾನು ರುಜು ಹಾಕಿದೆ. ನಮ್ಮ ಜೊತೆ ಒಬ್ಬ ಹೊಲಿಗೆಯಾಕೆ ಗೆದ್ದಿದ್ದಳು. ಹೆಣ್ಣುಮಕ್ಕಳ ಶಾಲೆಗೆ ಕಕ್ಕಸು ಕಟ್ಟಿಸಬೇಕೆಂದು ಅವಳು ಮೊದಲ ಸಭೆಯಲ್ಲಿ ಕೇಳಿದಳು, ಎರಡನೆಯದರಲ್ಲಿ ಕೇಳಿದಳು. ಮೂರನೆಯದರಲ್ಲಿ ಗಂಡಸರು ನಕ್ಕು, "ಈಯಮ್ಮಂಗೆ ಬೇರೆ ವಿಷಯವೇ ಇಲ್ಲ," ಎಂದರು. ಠರಾವಿಗೆ ಸೂಚಕಿ ಅವಳಿದ್ದಳು. ಅನುಮೋದಿಸಲು ಇನ್ನೊಬ್ಬರು ಬೇಕಿತ್ತು. ಅವಳು ನನ್ನ ಕಡೆ ನೋಡಿದಳು. ನಾನು ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತೆ. ಮುಂದಿನ ವಿಷಯಕ್ಕೆ ಹೋದರು. ಆಮೇಲೆ ನಾನು ಸಭೆಗೇ ಹೋಗಲಿಲ್ಲ. ಜವಾನ ಪುಸ್ತಕ ಮನೆಗೆ ತರುತ್ತಿದ್ದ, ನಾನು ಒಗ್ಗರಣೆ ಕೈಯನ್ನು ಸೆರಗಿಗೆ ಒರೆಸಿ ರುಜು ಹಾಕಿ ಕಳಿಸುತ್ತಿದ್ದೆ.

ಇದನ್ನು ಮಕ್ ಚಿಕ್‌ಗೆ ಹೇಳಿದೆ. ಮೊಮ್ಮಗಳಿಗೆ 'ಅನುಮೋದನೆ' ಎಂಬುದನ್ನು ವಿವರಿಸಲು ಸ್ವಲ್ಪ ಕಷ್ಟವಾಯಿತು. ಅರ್ಥವಾದ ಮೇಲೆ ಅವಳು ನನ್ನನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಮಕ್ ಚಿಕ್ ಏನೂ ಹೇಳಲಿಲ್ಲ. ಆರಿದ ಕಲ್ಲನ್ನು ಎತ್ತಿಕೊಂಡು ಒಲೆಯ ಕಡೆ ಹೋದರು.

ನಾನು ಅಲ್ಲಿರುವಾಗಲೇ ಅನ್ವರ್ ಬಂಧನವಾಯಿತು, ನ್ಯಾಯಾಲಯಕ್ಕೆ ಕಪ್ಪುಗಟ್ಟಿದ ಕಣ್ಣಿನೊಡನೆ ಬಂದರು. ಅವರ ಹೆಂಡತಿ ವಾನ್ ಅಜೀಜಾ ಕಣ್ಣಿನ ವೈದ್ಯೆ. ಅಲ್ಲಿಯತನಕ ಮನೆ, ಮಕ್ಕಳು ಎಂದು ಇದ್ದವರು ಮೈಕಿನ ಮುಂದೆ ನಿಂತರು. 1999ರ ಏಪ್ರಿಲ್‌ನಲ್ಲಿ ಹೊಸ ಪಕ್ಷವೊಂದರ ಅಧ್ಯಕ್ಷೆಯಾದರು. ಗಂಡನಿಗಾಗಿ ಬಂದವಳು ಎಂದು ಮೂಗು ಮುರಿದವರು ಬಹಳ. ಇರಬಹುದು. ಆದರೆ ಬಂದವರು ವಾಪಸು ಹೋಗಲಿಲ್ಲ. 2018ರಲ್ಲಿ ಉಪಪ್ರಧಾನಿಯಾದರು, ಆ ದೇಶದಲ್ಲಿ ಆ ಹುದ್ದೆಗೇರಿದ ಮೊದಲ ಹೆಂಗಸು.

ಉಮ್ನೋದಲ್ಲಿ? 'ಕೌಮ್ ಇಬು' 1971ರಲ್ಲಿ 'ವನಿತ' ಎಂದಾಯಿತು. ಅದಕ್ಕೆ ಮೊದಲೇ, 1969ರಲ್ಲಿ, ಅದರ ನಾಯಕಿ ಫಾತಿಮಾ ಹಾಶಿಂ ದೇಶದ ಮೊದಲ ಮಹಿಳಾ ಮಂತ್ರಿಯಾಗಿದ್ದರು. ಖತೀಜಾ ಕೇಳಿದ ಹುಡುಗಿಯರ ವಿಭಾಗ 2001ರಲ್ಲಿ ಬಂತು, ಅವರು ತೀರಿಕೊಂಡು ಹತ್ತೊಂಬತ್ತು ವರ್ಷವಾದ ಮೇಲೆ. ಅಧ್ಯಕ್ಷ ಪೀಠದಲ್ಲಿ ಮಾತ್ರ ಓನ್, ಟುಂಕು, ರಜಾಕ್, ಓನ್ ಅವರ ಮಗ ಹುಸೇನ್, ಮಹಾತಿರ್, ಹೀಗೆ ಈವರೆಗೂ ಗಂಡಸರೇ. ಪೀಠಕ್ಕಾಗಿ ಅವರವರಲ್ಲೇ ಎಂಥ ಜಗಳ! 1987ರಲ್ಲಿ ಮಹಾತಿರ್ ಗೆದ್ದದ್ದು ಬರೀ 43 ಮತದಿಂದ. ಅದರ ಬೆನ್ನಿಗೆ ಕೋರ್ಟು ಹತ್ತಿ, 1988ರಲ್ಲಿ ನ್ಯಾಯಾಲಯ ಪಕ್ಷವನ್ನೇ ಕಾನೂನುಬಾಹಿರ ಎಂದಿತು. ಮಹಾತಿರ್ 'ಹೊಸ ಉಮ್ನೋ' ನೋಂದಾಯಿಸಿದರು. ಮಕ್ ಚಿಕ್ ಆಗಲೂ ಸಾಲಿನಲ್ಲಿ ನಿಂತು ಹೊಸ ಸದಸ್ಯತ್ವ ಮಾಡಿಸಿದ್ದರಂತೆ.

1999ರ ನವೆಂಬರ್ 29ರ ಚುನಾವಣೆಗೆ ಅವರು ಒಳ್ಳೆಯ ಬಟ್ಟೆ ಉಟ್ಟು, ಅಮ್ಮ ಉಳಿಸಿಟ್ಟ ಆ ಇನ್ನೊಂದು ಬಳೆ ತೊಟ್ಟು ಹೋಗಿ ಓಟು ಹಾಕಿ ಬಂದರೆಂದು ಮಗಳು ಫೋನಿನಲ್ಲಿ ಹೇಳಿದಳು. ಯಾರಿಗೆ ಎಂದು ಮಗ ಕೇಳಿದರೂ ಹೇಳಲಿಲ್ಲ, ಮೊಮ್ಮಗಳು ಕೇಳಿದರೂ ಹೇಳಲಿಲ್ಲ. ಜೊಹೊರ್‌ನಲ್ಲಿ ಉಮ್ನೋ ಗೆದ್ದಿತು, ಅದು ಗೆಲ್ಲುವುದೇ. ಮೂರು ಜನ ಮೂರು ಅರ್ಥ ಮಾಡಿಕೊಂಡರು.

ಅವರು ತೀರಿಕೊಂಡದ್ದು 2009ರಲ್ಲಿ. 2018ರ ಮೇ ತಿಂಗಳಲ್ಲಿ ಉಮ್ನೋ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡ ರಾತ್ರಿ ಮೊಮ್ಮಗಳು ನನ್ನ ಮಗಳಿಗೆ ಫೋನ್ ಮಾಡಿ ಬೆಳಗಿನವರೆಗೂ ಮಾತಾಡಿದಳಂತೆ. ನನ್ನ ಕೈಗೆ ಫೋನ್ ಬಂದಾಗ ನಾನು ಕೇಳಿದ್ದು ಒಂದೇ, ಆ ಫೋಟೋ ಎಲ್ಲಿದೆ ಎಂದು. ಅವಳ ಮನೆಯಲ್ಲೇ ಇದೆಯಂತೆ. ಹಳೇ ಚೌಕಟ್ಟು ಹುಳು ತಿಂದಿತ್ತು, ಹೊಸದು ಹಾಕಿಸಿದೆ ಆಂಟಿ, ಎಂದಳು. ಅವಳ ಸಣ್ಣ ಮಗಳು ಮೂರನೆಯ ಸಾಲಿನ ತುದಿಗೆ ಬೆರಳಿಟ್ಟು, ಇದು ನೀನಾ ಎಂದು ಕೇಳುತ್ತಾಳಂತೆ.